ಹೈಕೋರ್ಟ್ ಬಿನ್ ಮಿಠಾಯಿ

ಜವಾನ ಜಗಲಿಗೆ ಬಂದು ಮೂರು ಸಲ ಕೂಗಿದ:
"ಹೈಕೋರ್ಟ್! ಬಿನ್ ಮಿಠಾಯಿ! ಹೈಕೋರ್ಟ್!"
ಬಾರ್ ರೂಮಿನಲ್ಲಿ ನಗುವಿಗೆ ಚಹಾ ಚೆಲ್ಲಿತು.
"ಮೇಲಿನದೇ ಇಳಿದು ಬಂತಲ್ಲಪ್ಪ ಶಿವಮೊಗ್ಗೆಗೆ,
ಇನ್ನು ನಾವ್ಯಾಕೆ?" ಅಂದರು ಹಿರಿಯರೊಬ್ಬರು
ಎಲೆಗೆ ಸುಣ್ಣ ಸವರುತ್ತ.
ನಾನೂ ನಕ್ಕೆ. ಸುಳ್ಳೇಕೆ ಹೇಳಲಿ.

ಆಮೇಲೆ ಕಡತ ನನ್ನ ಮೇಜಿಗೇ ಬಂತು:
ಆರೋಪಿಗೆ ವಕೀಲರಿಲ್ಲ,
ಕಾನೂನು ನೆರವು, ಪ್ಯಾನೆಲ್ ಸಂಖ್ಯೆ ಹದಿನೇಳು.
ಹದಿನೇಳು ಅಂದರೆ ನಾನು.

ಸೋಗಾನೆ ಜೈಲಿನ ಜಾಲರಿಯಾಚೆ
ಹಕ್ಕಿಪಿಕ್ಕಿ ಕ್ಯಾಂಪಿನ ಇಪ್ಪತ್ತಾರರ ಹುಡುಗ.
ಮೊದಲ ಪ್ರಶ್ನೆ ಅವನದೇ:
"ಪುಕ್ಕಟೆ ವಕೀಲರು ಅಂದ್ರೆ
ನಿಜವಾದ ವಕೀಲರೇನಕ್ಕ?"
ನನ್ನ ಕರಿ ಕೋಟಿನ ತೋಳು ನಾನೇ ಮುಟ್ಟಿಕೊಂಡೆ.
ಹೌದು ಅಂದೆ, ಸ್ವಲ್ಪ ತಡವಾಗಿ.

ಆಯನೂರಿನಾಚೆ ಯಾರದೋ ಗದ್ದೆಯ ಪಂಪಿನಿಂದ
ತಾಮ್ರದ ತಂತಿ ಹೋಗಿತ್ತು.
ಅದೇ ರಾತ್ರಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇವನಿದ್ದ.
ಮಹಜರಿನಲ್ಲಿ ಬರೆದದ್ದಿಷ್ಟು:
ತಲೆಗೂದಲ ಎಣ್ಣೆ, ಬಾಟಲಿ ಆರು.
ಪ್ಲಾಸ್ಟಿಕ್ ಗುಲಾಬಿ, ಒಂದು ಕಟ್ಟು.
ಬಾಚಣಿಗೆ ಒಂದು, ಹಲ್ಲು ಮುರಿದದ್ದು.
ತಂತಿ ಇಲ್ಲ. ತಂತಿಯ ಬದಲಿಗೊಂದು ವಾಕ್ಯ:
'ಸದರಿ ಆಸಾಮಿಯು ಸಮರ್ಪಕ ಉತ್ತರ ನೀಡಿರುವುದಿಲ್ಲ.'
ಅವನನ್ನು ಕೇಳಿದ್ದೇನು? ಹೆಸರು.
ಹೇಳಿದ. ಎರಡೇಟು ಬಿತ್ತು.
ಮತ್ತೆ ಕೇಳಿದರು.
ಮತ್ತೆ ಅದನ್ನೇ ಹೇಳಿದ.

"ಯಾಕಪ್ಪ ಇಟ್ಟರು ಈ ಹೆಸರು?"
"ಬೆಂಗಳೂರಲ್ಲಿ ಮಣಿಸರ ಮಾರ್ತಿದ್ಲಂತೆ ಅವ್ವ.
ಆ ಕೆಂಪು ಕಟ್ಟಡದ ಬೇಲಿ ಪಕ್ಕ ನೋವು ಶುರುವಾಯ್ತಂತೆ.
ಅಲ್ಲಿಂದ ಮಾತ್ರ ಯಾರೂ
ಏಳು ಅಂತ ಎಬ್ಬಿಸಲಿಲ್ಲವಂತೆ."

ಹನ್ನೊಂದನೇ ದಿನ ಜಾಮೀನು.
ಜಾಮೀನಿಗೆ ಜನ ಬೇಕು, ಜನಕ್ಕೆ ಪಹಣಿ ಬೇಕು.
ಕ್ಯಾಂಪಿನಿಂದ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಜನ ಬಂದರು,
ಪಹಣಿ ಒಂದೂ ಬರಲಿಲ್ಲ.
ಉಳುವ ನೆಲ ಇನ್ನೂ ಅರಣ್ಯದ ಹೆಸರಿನಲ್ಲಿದೆ,
ಹಕ್ಕುಪತ್ರದ ಅರ್ಜಿ ಅರ್ಜಿಯಾಗಿಯೇ ಮುಪ್ಪಾಗಿದೆ.
ನಾನು ಎದ್ದು ನಿಂತು ವಾದಿಸಿದೆ; ಒಂದು ಕಡೆ ತೊದಲಿದೆ.
ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು
ಬಾಗಿಲಲ್ಲಿ ಒತ್ತಿಕೊಂಡ ಇಪ್ಪತ್ತು ಮುಖ ನೋಡಿದರು.
"ಸ್ವಂತ ಮುಚ್ಚಳಿಕೆ ಸಾಕು" ಅಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಬೆರಳಚ್ಚಿನ ಸುಮಿತ್ರಾಬಾಯಿ
ಎಲ್ಲವೂ ಕನ್ನಡದಲ್ಲಿರಲೆಂಬ ಸುತ್ತೋಲೆಗೆ ಹೆದರಿ
ಬಿಡುಗಡೆ ಆದೇಶದಲ್ಲಿ ಹೊಡೆದಿದ್ದರು:
'ಉಚ್ಚ ನ್ಯಾಯಾಲಯ ಬಿನ್ ಮಿಠಾಯಿ.'
ಜೈಲರು ಎರಡು ಸಲ ಓದಿದರು.
"ಈ ಹೆಸರಿನ ಕೈದಿ ನಮ್ಮಲ್ಲಿಲ್ಲ ಮೇಡಂ."
ಅಂದು ಶನಿವಾರ ಸಂಜೆ. ನಾಳೆ ಭಾನುವಾರ.
ನಾಡಿದ್ದು ಯಾವುದೋ ಜಯಂತಿ.
ಎರಡು ಭಾಷೆಗಳ ನಡುವೆ ಮೂರು ರಾತ್ರಿ ಮಲಗಿದ ಹುಡುಗ.
ಮಿಠಾಯಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಮಂಗಳವಾರ ತಿದ್ದುಪಡಿ ಮೆಮೊ, ಸಹಿ, ಮೊಹರು.
ಸ್ಕೂಟರಿನಲ್ಲಿ ನಾನೇ ಒಯ್ದೆ.
ಕಿರುಬಾಗಿಲಿಂದ ಬಗ್ಗಿ ಹೊರಬಂದವನು
ಉಪಕಾರ ಗಿಪಕಾರ ಅನ್ನಲಿಲ್ಲ.
ಬಸ್ಸಿಗೆ ಕಾಯುತ್ತ ಅಂದ:
"ನನಗೊಬ್ಬ ತಮ್ಮ ಇದ್ದ ಅಕ್ಕ.
ಸುಪ್ರೀಂಕೋರ್ಟ್ ಅಂತ.
ಮೂರು ವರ್ಷ ಇರ್ಬೇಕು, ಜ್ವರ ಬಂತು.
ಆಸ್ಪತ್ರೇಲಿ ಚೀಟಿ ಬರೆಯೋನು
ಹೆಸರು ಸರಿಯಾಗಿ ಹೇಳಮ್ಮ ಅಂತ
ನಿಲ್ಲಿಸಿಕೊಂಡಿದ್ದ ಅವ್ವನ್ನ.
ಭಾಳ ಹೊತ್ತು."
ಬಸ್ಸು ಬಂತು.

ಕೇಸು ಇನ್ನೂ ನಡೆದಿದೆ.
ಪಂಪಿನ ಮಾಲೀಕ ಎರಡು ಸಮನ್ಸಿಗೂ ಬಂದಿಲ್ಲ.
ಇವನು ಮಾತ್ರ ಪ್ರತಿ ವಾಯಿದೆಗೂ
ಬಾಗಿಲು ತೆಗೆಯುವ ಮೊದಲೇ ಜಗಲಿಯಲ್ಲಿರುತ್ತಾನೆ;
ಜವಾನ ಈಗ ಒಂದೇ ಸಲ ಕೂಗುತ್ತಾನೆ, ಮೆಲ್ಲಗೆ.

ಎಣ್ಣೆ ಬಾಟಲಿಗಳು ಮುದ್ದೆಮಾಲು ಕೋಣೆಯಲ್ಲಿವೆ,
ಕೊರಳಿಗೊಂದು ಚೀಟಿ, ಚೀಟಿಗೊಂದು ಅರಗು.
ಒಂದು ಸೋರಿದೆ.
ಹಾದುಹೋದರೆ ಓಣಿಯ ತುಂಬ
ಬೇರಿನ, ಸೊಪ್ಪಿನ, ಸೌದೆ ಹೊಗೆಯ ವಾಸನೆ.
ಉಳಿದ ಐದು,
ಮುಂದಿನ ಆದೇಶದವರೆಗೆ,
ಸುರಕ್ಷಿತ.