ಮೂಡಗಾಳಿಯ ದಿನ

ಪಹೋಕಿಯ ಶಾಲೆಯಲ್ಲಿ ನಾನು ನರ್ಸು.
ಮೇಜಿನ ಎರಡನೆಯ ಖಾನೆ ಎಳೆದರೆ
ಹದಿನೇಳು ಪಂಪು, ನೀಲಿ ಬಣ್ಣದವು,
ಒಂದೊಂದಕ್ಕೂ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಹೆಸರು:
ಜಮಾರಿ, ಲುಸೆತ್, ಸಿಲ್ವೆನ್ ಮನೆಯ ಅವಳಿಗಳು,
ಕೊನೆಯದು ಬರೆಯುವಾಗ ಕೈ ಒಂಚೂರು ನಡುಗಿತ್ತು:
ಕೆರ್ವೆನ್ಸ್. ನನ್ನಣ್ಣನ ಮಗ.

ಅಕ್ಟೋಬರ್ ಬಂತೆಂದರೆ ಇಲ್ಲಿ ಕಬ್ಬು ಸುಡುತ್ತಾರೆ,
ಕಡಿಯುವ ಮುಂಚೆ, ನಿಂತ ನಿಲುವಿನಲ್ಲೇ,
ರವದಿ ಉರಿದು ಜಲ್ಲೆ ಮಾತ್ರ ಉಳಿಯಲೆಂದು.
ನಲವತ್ತು ಎಕರೆಗೆ ಇಪ್ಪತ್ತೇ ನಿಮಿಷ.
ಆಮೇಲೆ ಸಂಜೆಯವರೆಗೂ ಮಸಿ ಇಳಿಯುತ್ತದೆ,
ಯಾರೋ ಮೇಲೆ ಕೂತು ಕೂದಲು ಕತ್ತರಿಸುತ್ತಿರುವ ಹಾಗೆ,
ಕಾರಿನ ಗಾಜಿಗೆ, ಒಣಹಾಕಿದ ಅಂಗಿಗೆ,
ಚರ್ಚಿಗೆ ಹೊರಟ ಬಿಳಿ ಟೋಪಿಗೆ.
ಉಜ್ಜಬೇಡ, ಊದು, ಎನ್ನುತ್ತಿದ್ದಳು ಅವ್ವ.
ಉಜ್ಜಿದರೆ ಹರಡುತ್ತದೆ.
ಊದುವುದಕ್ಕೆ ಉಸಿರು ಬೇಕಲ್ಲ.

ಗಾಳಿ ಬಂದಾಗ ತೂರಿಕೊಳ್ಳಬೇಕಂತೆ.
ಪಡುವಗಾಳಿ ಎದ್ದರೆ ಹೊಗೆ ಕಡಲ ದಂಡೆಗೆ ಹೋಗುತ್ತದೆ,
ಅಲ್ಲಿ ಗಾಲ್ಫಿನ ಹುಲ್ಲು, ಬಿಳಿ ದೋಣಿ, ವಕೀಲರು.
ಆ ದಿನ ಪರವಾನಗಿ ಇಲ್ಲ.
ಮೂಡಗಾಳಿ ಎದ್ದರೆ ಉಂಟು.
ಕಾಗದದಲ್ಲಿ ನಮ್ಮೂರ ಹೆಸರು ಎಲ್ಲೂ ಇಲ್ಲ,
ಬರೀ ದಿಕ್ಕು, ವೇಗ, ಒಂದು ಸಹಿ.

ಹಚ್ಚುವವನು ಯಾರೋ ರಾಕ್ಷಸ ಎಂದುಕೊಳ್ಳಬೇಡಿ.
ವಿಲ್ನೆರ್ ಅವನು, ನನ್ನಣ್ಣ,
ಚಿಕ್ಕವನಿದ್ದಾಗ ಕತ್ತಲಿಗೆ ಹೆದರಿ ನನ್ನ ಲಂಗ ಹಿಡಿದು ಮಲಗುತ್ತಿದ್ದವನು.
ಡಬ್ಬಿ ಎತ್ತುವ ಮುಂಚೆ ನನಗೆ ಫೋನು ಮಾಡುತ್ತಾನೆ, ಎರಡೇ ಮಾತು:
ಕಿಟಕಿ ಮುಚ್ಚು.
ಮುಚ್ಚಿದೆ ಬಿಡು, ಎನ್ನುತ್ತೇನೆ.
ನಾಲ್ಕನೆಯದಕ್ಕೆ ಚಿಲಕವಿಲ್ಲ, ಒದ್ದೆ ಟವೆಲು ತುರುಕಿರುತ್ತೇನೆ.

ಉರಿ ಅಂಚಿಗೆ ಬಂದಾಗ ಮೊಲಗಳು ಹೊರಕ್ಕೆ ಚಿಮ್ಮುತ್ತವೆ.
ಹುಡುಗರು ಕಾದಿರುತ್ತಾರೆ, ಬರಿಗೈಯಲ್ಲಿ.
ಹೋದ ವರ್ಷ ಕೆರ್ವೆನ್ಸ್ ಒಂದೇ ಮಧ್ಯಾಹ್ನ ಹನ್ನೊಂದು ಹಿಡಿದ,
ಎರಡೂ ಕೈಯಲ್ಲಿ ಎತ್ತಿ ತೋರಿಸಿದ, ಮುಖದಲ್ಲಿ ಹಲ್ಲೊಂದೇ ಬೆಳ್ಳಗೆ.
ಫುಟ್‌ಬಾಲ್ ಕೋಚು ಆ ಕಾಲುಗಳ ಮೇಲೆ ಕಣ್ಣಿಟ್ಟಿದ್ದ.
ಕಾಲು ಈಗಲೂ ಹಾಗೇ ಇವೆ.

ಇವತ್ತು ಹತ್ತೂಕಾಲಿಗೆ ಫೋನು ಬಂತು.
ಹನ್ನೊಂದಕ್ಕೆ ಅವನನ್ನು ಇಬ್ಬರು ಹೆಗಲು ಕೊಟ್ಟು ತಂದರು.
ಗೂರಲು ಕಾರಿಡಾರಿನಲ್ಲೇ ಕೇಳಿಸಿತ್ತು,
ತುಕ್ಕು ಹಿಡಿದ ಗೇಟನ್ನು ಯಾರೋ ತೆಗೆಯುತ್ತ, ತೆಗೆಯುತ್ತ.
ಎಳೆ, ಹಿಡಿದುಕೋ, ಹತ್ತು ಎಣಿಸುತ್ತೇನೆ, ಎಂದೆ.
ನಾಲ್ಕಕ್ಕೆ ಬಿಟ್ಟ.
ಮತ್ತೆ. ಐದಕ್ಕೆ.
ಮಣಿಕಟ್ಟಿನ ನಾಡಿ ನನ್ನ ಎರಡು ಬೆರಳ ಕೆಳಗೆ
ಸಿಕ್ಕಿಬಿದ್ದ ಮೊಲ.
ಮಾತು ಬರುವಷ್ಟು ಗಾಳಿ ಸಿಕ್ಕಾಗ ಕೇಳಿದ್ದು ಇಷ್ಟೇ:
ಅತ್ತೆ, ಇವತ್ತು ಯಾವ ಹೊಲ?
ಮೊಲಕ್ಕಾಗಿ ಕೇಳಿದನೋ ಅಪ್ಪನಿಗಾಗಿಯೋ,
ಗೊತ್ತಿಲ್ಲ ಕಣೋ, ಎಂದೆ. ಗೊತ್ತಿತ್ತು.

ಹೇಳಲು ನಾಚಿಕೆ,
ಆ ಹೊಗೆಗೆ ಸುಟ್ಟ ಬೆಲ್ಲದ ವಾಸನೆ.
ಕಿಟಕಿ ಮುಚ್ಚುವಾಗಲೂ ಬಾಯಲ್ಲಿ ನೀರೂರುತ್ತದೆ.

ಸಂಜೆ ವಿಲ್ನೆರ್ ಹಿತ್ತಿಲಲ್ಲಿ ಬಟ್ಟೆ ಕಳಚಿ
ಕೊಳಾಯಿ ಪೈಪಿನಿಂದ ತಲೆಗೆ ನೀರು ಬಿಟ್ಟುಕೊಂಡ.
ಮೂರು ಸಲ ಸೋಪು ಹಚ್ಚಿ ತೊಳೆಯದೆ ಮಗನನ್ನು ಮುಟ್ಟುವುದಿಲ್ಲ ಅವನು.
ಮುಂದಿನ ಪಂಪಿಗೆ ಎಂದು ಅರವತ್ತು ಡಾಲರ್
ಕಲ್ಲಿನ ಮೇಲೆ, ಇನ್ನೊಂದು ಕಲ್ಲಿನ ಕೆಳಗೆ ಇಟ್ಟಿದ್ದ.
ನಾಳೆ ಯಾವ ಗಾಳಿಯಂತೆ, ಎಂದೆ.
ಒದ್ದೆ ಬೆರಳು ಮೇಲೆತ್ತಿ ನಿಂತ,
ಎಷ್ಟೋ ಹೊತ್ತು ನಿಂತ,
ತಣ್ಣಗಾದ ಬದಿ ಯಾವುದೆಂದು ಹೇಳಲಿಲ್ಲ.