ಅರ್ಧ ಗಂಟೆಯ ಲೆಕ್ಕ

ಬ್ರೋಕನ್ ಹಿಲ್‌ನಿಂದ ಸಿಡ್ನಿಗೆ
ಸಾವಿರದ ನೂರು ಮೈಲಿ ಅಂದೆ.
ಮೈಲಿಯಲ್ಲ, ಕಿಲೋಮೀಟರು, ಎಂದು ತಿದ್ದುತ್ತಾನೆ ಇವನು.
ಯಾವುದಾದರೇನು, ಬಸ್ಸು ಹೊರಡುವುದು ಕೋಳಿ ಏಳುವ ಮುಂಚೆ,
ಡಬ್ಬೊದಲ್ಲಿ ಇಳಿದು ರೈಲು, ಮುಟ್ಟುವಾಗ ರಾತ್ರಿ.
ಆಸ್ಪತ್ರೆ ಲ್ಯಾಬಿನಲ್ಲಿ ಸಿಕ್ಕ ರಜೆ ಮೂರು ದಿನ:
ಹೋಗುವುದಕ್ಕೊಂದು, ಬರುವುದಕ್ಕೊಂದು,
ನಡುವೆ ಒಂದು,
ಜಿಪುಣರ ಮನೆ ಹೋಳಿಗೆಯ ಹೂರಣದ ಹಾಗೆ, ತೆಳ್ಳಗೆ.

ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದೇನೆ.
ಪಕ್ಕದ ಮನೆಯ ಲೊರೇನ್ ಎಪ್ಪತ್ತನಾಲ್ಕರಲ್ಲಿ
ಹಲ್ಲು ಕೀಳಿಸಲು ಒಮ್ಮೆ ಹೋಗಿದ್ದಳಂತೆ,
ಆ ಅಧಿಕಾರದಿಂದ ಹೇಳುತ್ತಾಳೆ:
ಸೇತುವೆಯ ಮೇಲೆ ಟೋಪಿ ಹಿಡಿದುಕೊಳ್ಳಿ,
ಯಾರನ್ನೂ ಮಾತಾಡಿಸಬೇಡಿ, ನಿಲ್ಲುವುದಿಲ್ಲ ಅವರು.
ಇವನಿಗೆ ಆ ಸೇತುವೆಯ ರಿವೆಟ್ಟು ಮುಟ್ಟಬೇಕು.
ಗಣಿಯ ಫಿಟ್ಟರು, ನಟ್ಟು ಕಂಡರೆ ನೆಂಟ ಬಂದ ಹಾಗೆ.
ನನಗೆ ಚಿಪ್ಪು ಚಿಪ್ಪಿನ ಆ ಕಟ್ಟಡ;
ಹತ್ತಿರ ಹೋದರೆ ಬಿಳಿಯಲ್ಲವಂತೆ, ಕೆನೆಬಣ್ಣ,
ಕಣ್ಣಾರೆ ನೋಡಿ ತೀರ್ಮಾನಿಸಬೇಕು.
ಮ್ಯೂಸಿಯಂ, ಗೋಪುರ, ಮೀನು ಮಾರುಕಟ್ಟೆ,
ಯಾವುದು ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ,
ಬರೆಯುತ್ತಾ ಹೋದೆ. ಕೂಡಿದರೆ
ಒಂದು ದಿನಕ್ಕೆ ಇಪ್ಪತ್ತೊಂಬತ್ತು ಗಂಟೆ.

ಬೆಳ್ಳಿ ತುದಿಗಾಲಲ್ಲಿ ನಿಂತು ಓದಿದಳು.
ಬೆಳ್ಳಿಯ ಗಣಿಯೂರಲ್ಲಿ ಹುಟ್ಟಿದವಳು, ಬೇರೆ ಹೆಸರು ತೋಚಿರಲಿಲ್ಲ.
ಎಂಟು ವರ್ಷ. ನೀರೆಂದರೆ ನಲ್ಲಿ, ಶಾಲೆಯ ಈಜುಕೊಳ,
ಯಾವಾಗಲೋ ಮನಸ್ಸು ಮಾಡುವ ಮಳೆ.
"ಅಮ್ಮಾ, ಸಮುದ್ರ ಎಷ್ಟು ಗಂಟೆಗೆ ತೆರೆಯುತ್ತೆ?"

ಪೆನ್ನು ನಿಂತಿತು.

ನನಗೂ ಎಂಟೇ ಆಗ.
ಕೆಜಿಎಫ್‌ನ ಸೈನೈಡ್ ದಿಬ್ಬದ ಬುಡದಿಂದ
ಬೆಂಗಳೂರು ತೋರಿಸಲು ಕರೆದೊಯ್ದಿದ್ದ ಅಪ್ಪ, ಒಂದೇ ದಿನಕ್ಕೆ,
ಅಂಗಿ ಜೇಬಿನಲ್ಲಿ ಇಂಥದ್ದೇ ಚೀಟಿ.
ವಿಧಾನಸೌಧ, ಕಬ್ಬನ್ ಪಾರ್ಕು, ಮೀನಿನ ಮನೆ,
ಎಲ್ಲ ನೋಡಿದೆವಂತೆ. ಫೋಟೊ ಇದೆ, ನೆನಪಿಲ್ಲ.
ನೆನಪಿರುವುದು ಯಾವುದೋ ಕಚೇರಿಯ ಲಿಫ್ಟು.
ಇಪ್ಪತ್ತು ವರ್ಷ ಕಬ್ಬಿಣದ ಪಂಜರದಲ್ಲಿ ನಿಂತು
ಭೂಮಿಯೊಳಕ್ಕೆ ಇಳಿದಿದ್ದ ಅಪ್ಪ
ಬಾಗಿಲು ಮುಚ್ಚಿದ್ದೇ ಕಣ್ಣು ಮುಚ್ಚಿದ,
ನನ್ನ ನೆತ್ತಿಯ ಮೇಲೆ ಕೈಯಿಟ್ಟ, ಹೆಲ್ಮೆಟ್ಟು ಇರಬೇಕಾದಲ್ಲಿ.
ಕಣ್ಣು ತೆರೆದರೆ ಕಿಟಕಿಯಾಚೆ
ಗುಲ್‌ಮೊಹರಿನ ತಲೆ ನಮ್ಮ ಕಾಲಿಗಿಂತ ಕೆಳಗೆ.
"ಮೇಲಕ್ಕೂ ಹೋಗುತ್ತೆ ಕಣೇ ಇದು" ಎಂದ,
ಇಷ್ಟು ದಿನ ಯಾರೋ ಅವನಿಂದ ಬಚ್ಚಿಟ್ಟ ಹಾಗೆ.
ಮೂರು ಸಲ ಹತ್ತಿ ಇಳಿದೆವು, ಕಾವಲಿನವನು ಬೈಯುವ ತನಕ.
ಚೀಟಿಯಲ್ಲಿ ಅದಿರಲಿಲ್ಲ.

ಹೊಡೆದು ಹಾಕಿದೆ ಮ್ಯೂಸಿಯಂ. ಗೋಪುರ. ಮಾರುಕಟ್ಟೆ.
ರಿವೆಟ್ಟು ದೋಣಿಯಿಂದಲೇ ಕಾಣುತ್ತೆ ಬಿಡು ಎಂದೆ.
ಕಾಣುವುದಕ್ಕೂ ಮುಟ್ಟುವುದಕ್ಕೂ ವ್ಯತ್ಯಾಸವಿದೆ ಎಂದು ಗೊಣಗಿದ.
ಚಿಪ್ಪಿನ ಕಟ್ಟಡ ಹೇಗೂ ದಾರಿಯಲ್ಲೇ.
ಉಳಿದದ್ದು: ಬೆಳಿಗ್ಗೆ ಮ್ಯಾನ್ಲಿಯ ದೋಣಿ,
ಆಮೇಲೆ ಸಮುದ್ರ,
ಆಮೇಲೆ ಏನೂ ಬರೆದಿಲ್ಲ.
ಕೆಳಗೆ ಸಣ್ಣಕ್ಷರದಲ್ಲಿ: ಬುತ್ತಿಗೆ ಪುಳಿಯೋಗರೆ,
ಬಸ್ಸಿಗೆ ನಿಂಬೆಹಣ್ಣು, ಇವನಿಗೆ ವಾಂತಿ.

ಇನ್ನೊಂದು ಲೆಕ್ಕ ಬಾಕಿ.
ನಮ್ಮೂರ ಗಡಿಯಾರ ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ,
ಒಂದೇ ರಾಜ್ಯ, ಬೇರೆ ಹೊತ್ತು.
ಹೋಗುವಾಗ ಅರ್ಧ ಗಂಟೆ ಕಿತ್ತುಕೊಳ್ಳುತ್ತದೆ ನಗರ, ಸುಂಕದ ಹಾಗೆ;
ಬರುವಾಗ ಚಿಲ್ಲರೆ ವಾಪಸು.
ಬಂದ ಚಿಲ್ಲರೆಯಲ್ಲಿ ಮಲಗುತ್ತೇನೆ ಎಂದ ಇವನು, ಈಗಲೇ ಆಕಳಿಸುತ್ತ.

ಬೆಳ್ಳಿ ನನ್ನ ಕೆಲಸದ ಚೀಲ ತಡಕಿ
ಹಳದಿ ಮುಚ್ಚಳದ ಖಾಲಿ ಸೀಸೆ ತೆಗೆದಿದ್ದಾಳೆ.
ಜನ ಅದರಲ್ಲಿ ಏನು ತುಂಬಿ ಕೊಡುತ್ತಾರೆಂದು ನಾನು ಹೇಳಲಿಲ್ಲ.
ಲೇಬಲ್ಲು ಆಗಲೇ ತುಂಬುತ್ತಿದೆ.
ಹೆಸರು: ಸಮುದ್ರ.
ವಯಸ್ಸು: ಕೇಳಬೇಕು.
ತೆಗೆದ ಹೊತ್ತು:
ಅಲ್ಲಿ ಪೆನ್ಸಿಲ್ ಎತ್ತಿ ನನ್ನ ಮುಖ ನೋಡಿದಳು,
"ನಮ್ಮ ಗಂಟೆಯೋ, ಅವರ ಗಂಟೆಯೋ?"