ಬ್ಲಾಡರಿಗೆ ಒಂಬತ್ತು ಪ್ಯಾಚು

ಆಂಡರ್ಸನ್‌ಪೇಟೆಯಲ್ಲಿ ನನ್ನ ಸೈಕಲ್ ಅಂಗಡಿ ಮುಂದೆ
ಒಂದು ಬೆಂಚು, ಮೂರೂಕಾಲು ಕಾಲಿನದು.
ಭಾನುವಾರ ಚರ್ಚು ಮುಗಿಸಿದವರು, ಮಟನ್ ಕಟ್ಟಿಸಿಕೊಂಡವರು
ಅದರ ಮೇಲೆ ಕೂತರೆ ಮುಗಿಯಿತು,
ಎಂಟನೇ ಲೈನ್ ಕ್ಲಬ್ಬು ಮತ್ತೆ ಮೈದಾನಕ್ಕಿಳಿಯುತ್ತದೆ.

ಮೊದಲು ಗೋಲಿ ಆರೋಕ್ಯಂ.
ಅವನನ್ನು ಬಿಟ್ಟು ಯಾರೂ ಶುರು ಮಾಡುವುದಿಲ್ಲ.
ಚೆಂಡು ಆ ತುದಿಯಲ್ಲಿದ್ದಾಗ ಕಂಬಕ್ಕೊರಗಿ ಬೀಡಿ ಹಚ್ಚಿದ.
ಚೆಂಡು ಈ ಕಡೆ ಬಂತು. ಬೀಡಿ ಎಲ್ಲಿಡುವುದು?
ನುಗ್ಗಿ ಬಂದ ಫಾರ್ವರ್ಡನ ಕೈಗೇ ಕೊಟ್ಟ:
‘ಹಿಡ್ಕೊಳಪ್ಪಾ ಒಂದ್ನಿಮಿಷ.’
ಮರ್ಯಾದಸ್ತರ ಮನೆ ಹುಡುಗ, ಹಿಡಿದುಕೊಂಡ.
ಚೆಂಡು ಅವನ ಕಾಲಡಿಯಿಂದಲೇ ಉರುಳಿ ಹೋಯಿತು.
‘ಬೀಡಿಯಲ್ಲ, ಸಿಗರೇಟು’ ಎನ್ನುತ್ತಾನೆ ಸತ್ಯವೇಲು.
ಇದೊಂದಕ್ಕೆ ಹತ್ತು ನಿಮಿಷ ಜಗಳ.

ಬ್ಯಾಕು ಪಚ್ಚಿಯಪ್ಪ ಬರಿಗಾಲಿನವನು.
ಬೆಂಗಳೂರಿನ ಪಂದ್ಯಕ್ಕೆ ಬೂಟು ಬೇಕೇ ಬೇಕು ಎಂದರು,
ಸಿಕ್ಕವು ಎರಡೂ ಎಡಗಾಲಿನವು.
ಓಡಿದಷ್ಟೂ ಎಡಕ್ಕೆ ಓಡಿದ,
ಕಾರ್ನರ್ ಬಾವುಟ ದಾಟಿದ, ಗೇಟು ದಾಟಿದ,
‘ಮೆಜೆಸ್ಟಿಕ್‌ವರೆಗೂ!’ ಇದು ಖಾದರ್ ಸಾಬಿಯ ಸೇರ್ಪಡೆ.
ಹೋದ ವರ್ಷ ಗೇಟಿನ ತನಕ ಮಾತ್ರ ಹೋಗಿದ್ದ.
ಸತ್ತವರಿಗೆ ಕಾಲು ನೋಯುವುದಿಲ್ಲ.

ಫ್ರೆಡ್ಡಿ ಆಡುತ್ತಲೇ ಕಾಮೆಂಟರಿ ಹೇಳುವವನು:
‘ಚೆಂಡು ಫ್ರೆಡ್ಡಿ ಹತ್ತಿರ, ಫ್ರೆಡ್ಡಿಯಿಂದ ಫ್ರೆಡ್ಡಿಗೆ...’
ಜನ್ಮದಲ್ಲಿ ಒಂದು ಪಾಸು ಕೊಟ್ಟವನಲ್ಲ.
ಊರು ಬಿಡುವ ದಿನ ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ ನಿಂತು
‘ಫ್ರೆಡ್ಡಿ ಮೈದಾನದಿಂದ ಹೊರಗೆ’ ಎಂದ.
ಆಮೇಲೆ ಕಾಮೆಂಟರಿ ಮುಂದುವರಿಯಲಿಲ್ಲ.

ರೋಸ್‌ಮೇರಿ ಟೀಚರು ಗಾಳಿ ಹೊಡೆಸಲು ಬರುತ್ತಾರೆ,
ಕೇಳಿಸಿಕೊಳ್ಳದವರ ಹಾಗೆ ನಿಲ್ಲುತ್ತಾರೆ.
ಒಮ್ಮೆ ರೆಫ್ರಿಯ ಮೇಲೆ ಬಿದ್ದ ಚಪ್ಪಲಿ ಇವರದೇ.
ಅವನು ಅದನ್ನು ಹಿಡಿದು ಲೈನು ಲೈನೂ ಸುತ್ತಿ
ಇನ್ನೊಂದು ಚಪ್ಪಲಿಯ ಮನೆ ಪತ್ತೆ ಹಚ್ಚಿದ.
ಮುಂದಿನ ಮೇನಲ್ಲಿ ಮದುವೆ.
‘ಆದರೂ ಅದು ಆಫ್‌ಸೈಡ್ ಅಲ್ಲ’ ಎನ್ನುತ್ತಾರೆ ಟೀಚರು, ಇವತ್ತಿಗೂ.

ಕೊನೆಗೆ ಕುಪ್ಪರಾಜನ ಗೋಲು.
ನಮ್ಮಲ್ಲಿ ನೆಲ ನಡುಗುವುದು ದೊಡ್ಡ ಸಂಗತಿಯಲ್ಲ,
ಗೂಡಿನ ಲೋಟ ಕಿಣಿಕಿಣಿ ಎಂದರೆ ಹೆಂಗಸರು
ಒಂದು ಕೈ ಅಡ್ಡ ಹಿಡಿದು ಮಾತು ಮುಂದುವರಿಸುತ್ತಿದ್ದರು.
ಆವತ್ತು ಕೆಳಗೆಲ್ಲೋ ಬಂಡೆ ಸಿಡಿದು, ಧಡ್!
ಹೊರಗಿನ ತಂಡ ಹನ್ನೊಂದಕ್ಕೆ ಹನ್ನೊಂದೂ ಬೋರಲು.
ಅವರ ಗೋಲಿ ಕಂಬ ತಬ್ಬಿಕೊಂಡು ಅವ್ವನನ್ನು ಕರೆಯುತ್ತಿದ್ದ.
ಕುಪ್ಪರಾಜ ಮಲಗಿದವರನ್ನು ಒಬ್ಬೊಬ್ಬರಾಗಿ ದಾಟಿ,
ಒಬ್ಬನ ಬೆರಳು ತುಳಿದು ‘ಸಾರಿ ಸಾರ್’ ಎಂದು,
ಚೆಂಡನ್ನು ಒಳಗೆ ತಳ್ಳಿದ.
ಇಲ್ಲಿ ಬೆಂಚು ವಾಲುತ್ತದೆ,
ಖಾದರ್ ಸಾಬಿಗೆ ನಕ್ಕು ನಕ್ಕು ಕೆಮ್ಮು ಬರುತ್ತದೆ.

ನಾವು ಯಾವಾಗಲೂ ಇಲ್ಲಿಗೇ ನಿಲ್ಲಿಸುವುದು.
ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಟ್ಯೂಬನ್ನು ನೀರಲ್ಲಿ ಅದ್ದುತ್ತ,
ತಿಳಿಯದೆ ಕೇಳಿದ: ‘ಆಮೇಲೆ?’

ಆಮೇಲೆ ಸೈರನ್ನು, ಪಾಳಿಯ ಹೊತ್ತಲ್ಲದ ಹೊತ್ತಿನಲ್ಲಿ.
ಗೋಲು ಹೊಡೆದ ಓಟವನ್ನು ಕುಪ್ಪರಾಜ ನಿಲ್ಲಿಸಲೇ ಇಲ್ಲ,
ನೆಟ್ಟಿನ ಪಕ್ಕದಿಂದ ಹಾಗೇ ಶಾಫ್ಟಿನ ಕಡೆಗೆ.
ಅವನ ಅಣ್ಣ ಒಳಗಿದ್ದ.
ಜನವೆಲ್ಲ ಅವನ ಹಿಂದೆ. ಅವರ ಗೋಲಿಯೂ.
ರೆಫ್ರಿ ವಿಸಲ್ ಊದಲಿಲ್ಲ.
‘ಮೂರು ದಿನ’ ಎಂದರು ಟೀಚರು.
ಹುಡುಗ ಮುಂದೆ ಕೇಳಲಿಲ್ಲ.
ನೀರಲ್ಲಿ ಗುಳ್ಳೆ ಮಾತ್ರ ಬರುತ್ತಿತ್ತು.

ಖಾಲಿ ಮೈದಾನದಲ್ಲಿ ಉಳಿದ ಚೆಂಡನ್ನು
ನಮ್ಮಪ್ಪ ಕಂಕುಳಲ್ಲಿಟ್ಟು ತಂದಿದ್ದ.
ತೊಗಲು ಹೋಯಿತು, ಬ್ಲಾಡರು ಮಾತ್ರ
ಪಂಪಿನ ಪಕ್ಕದ ಮೊಳೆಗೆ ನೇತಾಡುತ್ತಿದೆ.
‘ಒಂಬತ್ತು ಪ್ಯಾಚು ಹಾಕಿದ್ದ ನಮ್ಮಪ್ಪ’ ಎಂದೆ,
ಯಾರಾದರೂ ಏನಾದರೂ ಹೇಳಬೇಕಿತ್ತು.
‘ಹನ್ನೊಂದು’ ಎಂದ ಖಾದರ್ ಸಾಬಿ ತಕ್ಷಣ.
ಹುಡುಗ ಕೈ ಒರೆಸಿಕೊಂಡು, ಇಳಿಸಿ, ಎಣಿಸಿ,
‘ಏಳೇ ಇರೋದು’ ಎಂದ.

ಅವನಿಗೇನು ಗೊತ್ತು,
ಎಲ್ಲರೂ ಒಟ್ಟಿಗೆ ಬೈದೆವು.